ಹೊಟ್ಟೆಯಿಲ್ಲದ ಹುಲಿ ಬೇಕಾಗಿದೆ

ಕರ್ನಾಟಕ ಸರ್ಕಾರ ಅತ್ಯಂತ ಯಶಸ್ವಿಯಾಗಿ ಸಂರಕ್ಷಿಸಿರುವ ಬೇಟೆಗಾರ ಪ್ರಾಣಿ ಗಂಡಭೇರುಂಡ. ಎರಡು ತಲೆ, ಆನೆಯನ್ನೇ ಎತ್ತಿಕೊಂಡು ಹಾರುವ ತಾಕತ್ತು, ಆಹಾರ ಸರಪಳಿಯ ತುತ್ತತುದಿಯ ಸ್ಥಾನ. ರಾಜ್ಯ ಲಾಂಛನದ ನಟ್ಟನಡುವೆ ಕೂತಿದೆ. ಎಡಬಲದಲ್ಲಿ ಆನೆಯ ಸೊಂಡಿಲು, ಸಿಂಹದ ಮೈ ಹೊತ್ತ ಶರಭಗಳು, ಮೇಲೆ ಅಶೋಕನ ಸಿಂಹಗಳು. ಈ ಪೈಕಿ ಒಂದೂ ರಾಜ್ಯದ ಯಾವ ಕಾಡಿನಲ್ಲೂ ವಾಸವಿಲ್ಲ ಎಂಬುದೇ ಇವುಗಳ ಜನಪ್ರಿಯತೆಯ ಗುಟ್ಟು. ಗಂಡಭೇರುಂಡ ಇಂದಿನವರೆಗೆ ಯಾರ ಕರುವನ್ನೂ ಹೊತ್ತೊಯ್ದಿಲ್ಲ. ಅದಕ್ಕೆ ಬಫರ್ ವಲಯ ಬೇಡ, ಕಾರಿಡಾರ್ ಬೇಡ, ಅದರ ಹೆಸರಿನಲ್ಲಿ ಯಾರ ರೆಸಾರ್ಟಿಗೂ ನೋಟಿಸ್ ಹೋಗಿಲ್ಲ. ಸರ್ಕಾರಿ ಕಾಗದದ ಮೇಲ್ತುದಿಯಲ್ಲಿ ಒಂದು ಅಂಗುಲ ಜಾಗ ಕೊಟ್ಟರೆ ಸಾಕು, ಶತಮಾನಗಟ್ಟಲೆ ಬಾಳುತ್ತದೆ.

ಹುಲಿಯಿಂದಲೂ ನಾವು ಬಯಸುವುದು ಇಷ್ಟೇ. ಅದರ ಗಾಂಭೀರ್ಯ ಬೇಕು, ಪಟ್ಟೆ ಬೇಕು, ದಸರೆಯಲ್ಲಿ ಕುಣಿಯಲು ಅದರ ವೇಷ ಬೇಕು. ಹೊಟ್ಟೆಯೊಂದು ಮಾತ್ರ ಬೇಡ.

ಈ ಪಾಠವನ್ನು ನಮಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಗೋವಿನ ಹಾಡಿನ ಅರ್ಬುತನನ್ನು ನೆನಪಿಸಿಕೊಳ್ಳಿ. ಹಸಿದು ಕೂತಿದ್ದ ಹುಲಿ. ಸಿಕ್ಕ ಹಸು ಪುಣ್ಯಕೋಟಿ ಮಾತು ಕೊಟ್ಟು ಹೋಗಿ, ಕರುವಿಗೆ ಹಾಲೂಡಿ, ಕೊಟ್ಟ ಮಾತಿನಂತೆ ವಾಪಸು ಬಂತು. ಹುಲಿಗೆ ನಾಚಿಕೆಯಾಗಿ, ಹಸುವನ್ನು ಅಕ್ಕನೆಂದು ಬಗೆದು, ಅಲ್ಲೇ ನೆಗೆದು ಪ್ರಾಣಬಿಟ್ಟಿತು. ತರಗತಿಯಲ್ಲಿ ಪುಣ್ಯಕೋಟಿಗಾಗಿ ಅತ್ತವರು ನಾವೆಲ್ಲ. ಹುಲಿಯ ಬಗ್ಗೆ ಯಾವ ಮಗುವೂ ಪ್ರಶ್ನೆ ಕೇಳಲಿಲ್ಲ, ಯಾವ ಮೇಷ್ಟ್ರೂ ಕೇಳಿಸಲಿಲ್ಲ. ಆ ಮಲೆಯಲ್ಲಿ ಮರುವರ್ಷ ಜಿಂಕೆ ಎಷ್ಟಾದವು, ಹಂದಿ ಎಷ್ಟಾದವು, ಗೊಲ್ಲ ಕಾಳಿಂಗ ಹೊಲದಲ್ಲಿ ರಾಗಿ ಬಿತ್ತಿದ್ದರೆ ಅದರಲ್ಲಿ ಎಷ್ಟು ತೆನೆ ಮನೆಗೆ ಬಂತು ಎಂಬುದನ್ನು ಹಾಡು ಹೇಳುವುದಿಲ್ಲ. ಕನ್ನಡಿಗರ ಮಟ್ಟಿಗೆ ಆದರ್ಶ ಹುಲಿ ಎಂದರೆ ಊಟದ ಹೊತ್ತಿಗೆ ಸರಿಯಾಗಿ ಆತ್ಮಹತ್ಯೆ ಮಾಡಿಕೊಳ್ಳುವ ಹುಲಿ.

ಕವಿಗಳು ಹುಲಿಯ ಕಣ್ಣು ನೋಡಿದರು, ಶಿಲ್ಪಿಗಳು ಕೋರೆಹಲ್ಲು ನೋಡಿದರು. ಹೊಟ್ಟೆಯನ್ನು ನೆಟ್ಟಗೆ ನೋಡಿದವರು ವಿಜ್ಞಾನಿಗಳು, ಅವರಲ್ಲಿ ಮುಂಚೂಣಿಯಲ್ಲಿದ್ದವರು ನಮ್ಮವರೇ ಆದ ಉಲ್ಲಾಸ ಕಾರಂತರು. ನಾಗರಹೊಳೆಯಲ್ಲಿ ಹುಲಿಯ ಕೊರಳಿಗೆ ರೇಡಿಯೊ ಕಾಲರ್ ಕಟ್ಟಿ, ಕಾಡುದಾರಿಯಲ್ಲಿ ಅದರ ಹಿಕ್ಕೆ ಹೆಕ್ಕಿ, ಕ್ಯಾಮೆರಾ ಇಟ್ಟು ಒಂದೊಂದರ ಪಟ್ಟೆ ಓದಿ ಹಾಕಿದ ಲೆಕ್ಕ ಹೀಗಿದೆ: ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು, ಅಂದರೆ ವಾರಕ್ಕೊಂದು. ಬಂಡವಾಳ ಕರಗದೆ ಬಡ್ಡಿಯಲ್ಲೇ ಊಟ ನಡೆಯಬೇಕಾದರೆ ಅದರ ಸುತ್ತ 500 ಪ್ರಾಣಿಗಳಾದರೂ ಇರಬೇಕು. 2022ರ ಎಣಿಕೆಯಲ್ಲಿ ಕರ್ನಾಟಕದ ಹುಲಿಗಳು 563. ಗುಣಿಸಿ ನೋಡಿ. ವರ್ಷಕ್ಕೆ 28 ಸಾವಿರ ಊಟ, ಅದಕ್ಕೆ ಆಧಾರವಾಗಿ 2.8 ಲಕ್ಷ ಜಿಂಕೆ, ಕಡವೆ, ಕಾಟಿ, ಹಂದಿ. ಯಾವ ಇಲಾಖೆಯ ಬಿಸಿಯೂಟ ಯೋಜನೆಯೂ ಅಲ್ಲದೆ, ಟೆಂಡರ್ ಇಲ್ಲದೆ, ಕಳಪೆ ಬೇಳೆಯ ದೂರಿಲ್ಲದೆ ನಡೆಯುತ್ತಿರುವ ಏರ್ಪಾಡು ಇದು.

ತುತ್ತತುದಿಯ ಬೇಟೆಗಾರನ ಕೆಲಸವೆಲ್ಲ ಈ ಹೊಟ್ಟೆಯಲ್ಲಿದೆ. ಅದನ್ನು ಬಿಟ್ಟರೆ ಹುಲಿ ಚೆಂದದ ದೊಡ್ಡ ಬೆಕ್ಕು. ಸೊಪ್ಪು ತಿನ್ನುವವರ ಸಂಖ್ಯೆಯನ್ನು ಕಾಡು ತಾಳುವ ಮಟ್ಟದಲ್ಲಿ ಇಡುವುದು ಅದರ ಹಸಿವು. ಹಸಿವಿಲ್ಲದ ದಿನವೂ ಅದರ ವಾಸನೆ ಕೆಲಸ ಮಾಡುತ್ತಿರುತ್ತದೆ. ಒಂದೇ ಹುಲ್ಲುಗಾವಲಿನಲ್ಲಿ ತಲೆ ತಗ್ಗಿಸಿ ಬುಡಸಮೇತ ಮೇಯುವ ಧೈರ್ಯ ಯಾವ ಜಿಂಕೆಗೂ ಬರುವುದಿಲ್ಲ.

ಹೊಟ್ಟೆಯಿಲ್ಲದ ರಾಜ್ಯ ಹೇಗಿರುತ್ತದೆ ಎಂದು ನೋಡುವ ಆಸೆಯಿದ್ದರೆ ಅಂಡಮಾನಿಗೆ ಹೋಗಿ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷರು ಅಲ್ಲಿಗೆ ಚುಕ್ಕೆ ಜಿಂಕೆಗಳನ್ನು ತಂದು ಬಿಟ್ಟರು. ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಜಿಂಕೆಗೆ ಈಜು ಬರುತ್ತದೆ, ದ್ವೀಪದಿಂದ ದ್ವೀಪಕ್ಕೆ ದಾಟಿದವು. ಇವತ್ತು ಹಲವು ದ್ವೀಪಗಳ ಕಾಡಿನಲ್ಲಿ ಮೇಲೆ ಹಸಿರು ಚಪ್ಪರವಿದೆ, ಕೆಳಗೆ ಬಯಲು. ಮೊಳೆತ ಸಸಿ ಮರವಾಗುವ ಮೊದಲೇ ಯಾರದೋ ಬಾಯಿ ಸೇರುತ್ತದೆ. ಗಿಡಗಂಟಿಯನ್ನು ನಂಬಿದ್ದ ಹಲ್ಲಿ, ಓತಿಕ್ಯಾತಗಳೂ ಕಮ್ಮಿಯಾಗಿವೆ. ಹಲ್ಲಿಯೊಂದರ ಬದುಕಿಗೂ ಹುಲಿಯೊಂದರ ಹಸಿವಿಗೂ ಸಂಬಂಧ ಇದ್ದೀತು ಎಂದು ಲಾಟ್ ಸಾಹೇಬರಿಗೆ ಹೊಳೆದಿರಲಿಲ್ಲ. ಅಂಡಮಾನೆಂದರೆ ಅರ್ಬುತ ನೆಗೆದುಬಿದ್ದ ನಂತರದ ಮಲೆ.

ಬೆಂಗಳೂರಿನ ಸಾಕ್ಷರರಿಗೆ ಅಂಡಮಾನಿಗಿಂತ ಅಮೆರಿಕ ಹತ್ತಿರ. ಯೆಲ್ಲೊಸ್ಟೋನ್ ಉದ್ಯಾನಕ್ಕೆ 1995ರಲ್ಲಿ ತೋಳಗಳನ್ನು ಮರಳಿ ತಂದರು, ತೋಳ ಬಂದದ್ದೇ ನದಿಯ ಹರಿವೇ ಬದಲಾಯಿತು ಎಂಬ ವಿಡಿಯೊ ಪ್ರತಿ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲೂ ಒಂದು ಸುತ್ತು ಹೊಡೆದಿದೆ. ತೋಳದಿಂದ ಅಲ್ಲಿ ಬದಲಾವಣೆ ಆದದ್ದು ಹೌದು. ಆದರೆ ಅದು ನದಿಯನ್ನೇ ತಿರುಗಿಸಿತು ಎಂಬ ಮಾತನ್ನು ಅಲ್ಲಿನ ವಿಜ್ಞಾನಿಗಳೇ ಪೂರ್ತಿ ಒಪ್ಪುವುದಿಲ್ಲ, ವಾದ ಇನ್ನೂ ಮುಗಿದಿಲ್ಲ. ತೋಳ ಸಿವಿಲ್ ಎಂಜಿನಿಯರಿಂಗ್ ಓದಿಲ್ಲ. ನನಗೆ ಬೇಸರ ಆ ವಿಡಿಯೊದ ಮೇಲಲ್ಲ. ಅದನ್ನು ಫಾರ್ವರ್ಡ್ ಮಾಡಿದ ಮಹಾಶಯರಿಗೆ ಕೊಪ್ಪಳದ ಗಂಗಾವತಿ ಸೀಮೆಯ ಬಂಕಾಪುರದಲ್ಲಿ ನಮ್ಮದೇ ತೋಳಗಳಿಗೊಂದು ಧಾಮವಿದೆ, ಸುತ್ತಲಿನ ಕುರಿಗಾಹಿಗಳು ತಲೆಮಾರುಗಳಿಂದ ಆ ತೋಳಗಳ ಜೊತೆ ಕುರಿ ಕಳಕೊಂಡೇ ಬಾಳಿದ್ದಾರೆ ಎಂಬುದು ಗೊತ್ತಿಲ್ಲ. ಆ ಕುರಿಗಾಹಿಗೆ ಡ್ರೋನ್ ಕ್ಯಾಮೆರಾ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ.

ಇನ್ನು ಹುಲಿ ರಾಜ್ಯ ಎಂಬ ಪಟ್ಟದ ಕಥೆ. 2006ರಲ್ಲಿ ದೇಶದಲ್ಲೇ 1,411 ಇದ್ದ ಹುಲಿ 2022ಕ್ಕೆ 3,682 ಆಗಿದೆ. ಇದು ನಿಜವಾದ ಸಾಧನೆ, ಗೇಲಿ ಮಾಡಲು ನನಗೂ ಮನಸ್ಸಿಲ್ಲ. ಗೇಲಿಗೆ ಬೇಕಾದಷ್ಟು ಸರಕು ಫಲಿತಾಂಶದ ದಿನದ ಆಚರಣೆಯಲ್ಲಿದೆ. 2010ರಲ್ಲಿ 300, 2014ರಲ್ಲಿ 406, ಎರಡೂ ಸಲ ಕರ್ನಾಟಕವೇ ಮೊದಲು. 2018ರಲ್ಲಿ ನಮ್ಮದು 524, ಮಧ್ಯಪ್ರದೇಶದ್ದು 526. ಎರಡು ಹುಲಿಗಳ ಅಂತರದಲ್ಲಿ ಸೋತೆವು! ಮುದುಮಲೆಗೋ ವಯನಾಡಿಗೋ ನೆಂಟರ ಮನೆಗೆಂದು ಹೋಗಿದ್ದ ಮೂರು ಹುಲಿಗಳು ಆ ವಾರ ಬಂಡೀಪುರದಲ್ಲೇ ಇದ್ದಿದ್ದರೆ ಸರ್ಕಾರ ನಮ್ಮದಾಗುತ್ತಿತ್ತು. 2022ರಲ್ಲಿ 563ಕ್ಕೆ 785, ಮರು ಎಣಿಕೆ ಕೇಳುವ ಮುಖವೂ ಉಳಿಯಲಿಲ್ಲ.

ಒಂದನ್ನು ಮಾತ್ರ ಈ ಆಚರಣೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹುಲಿಯ ಸಂಖ್ಯೆ ಹೆಚ್ಚುತ್ತದೆ, ಕಾಡಿನ ಚದರ ಕಿಲೋಮೀಟರ್ ಹೆಚ್ಚುವುದಿಲ್ಲ. ಇರುವ ಕಾಡಿನಲ್ಲೂ ನೆಲವೆಲ್ಲ ಲಂಟಾನ ಮತ್ತು ಸೆನ್ನಾ, ಜಿಂಕೆ ಅದನ್ನು ಮೂಸಿಯೂ ನೋಡುವುದಿಲ್ಲ. ಹುಲ್ಲಿಲ್ಲದಲ್ಲಿ ಜಿಂಕೆಯಿಲ್ಲ, ಜಿಂಕೆಯಿಲ್ಲದಲ್ಲಿ ಹುಲಿಗೆ ಊಟವಿಲ್ಲ. ಜಾಗ ಭರ್ತಿಯಾದ ಮೇಲೆ ಗಟ್ಟಿಮುಟ್ಟಾದ ಹುಲಿ ಮುದಿಯನ್ನೂ ಎಳೆಯದನ್ನೂ ಅಂಚಿಗೆ ತಳ್ಳುತ್ತದೆ. ಅಂಚಿನಲ್ಲಿ ಏನಿದೆ? ಹುರುಳಿ ಹೊಲ, ಶುಂಠಿ ಗದ್ದೆ, ಬಾಳೆ ತೋಟ, ಹಗ್ಗಕ್ಕೆ ಕಟ್ಟಿದ ಹಸು. 563ನೇ ಹುಲಿಯವರೆಗೆ ಅದು ರಾಜ್ಯದ ಹೆಮ್ಮೆ. 564ನೆಯದು ಹೊಲಕ್ಕೆ ಕಾಲಿಟ್ಟ ಕೂಡಲೇ ಟಿವಿಯಲ್ಲಿ ಕೆಂಪು ಅಕ್ಷರದಲ್ಲಿ ‘ನರಭಕ್ಷಕ ವ್ಯಾಘ್ರ’. ಅದು ಮನುಷ್ಯರನ್ನು ಮುಟ್ಟಿದೆಯೋ ಇಲ್ಲವೋ ಎಂಬುದು ಜಾಹೀರಾತಿನ ನಂತರ.

ಕಾಡಂಚಿನ ದನದ ಬಗ್ಗೆ ನಗರದವರಿಗೆ ಬಹಳ ಸಿಟ್ಟಿದೆ. ಕಾಡಿಗೆ ಯಾಕೆ ದನ ಬಿಡುತ್ತಾರೆ, ಹುಲ್ಲೆಲ್ಲ ಅವೇ ತಿಂದರೆ ಜಿಂಕೆ ಏನು ತಿನ್ನಬೇಕು ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಪ್ರಶ್ನೆ ಕೇಳಿದವರ ಕೈಲಿರುವ ಲೋಟದಲ್ಲಿದೆ. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಎಂ.ಡಿ. ಮಧುಸೂದನ್ ಎಂಬ ಸಂಶೋಧಕರು ಮಾಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅಲ್ಲಿನ ಹಲವು ದನಗಳು ಹಾಲಿಗಾಗಿ ಇದ್ದವಲ್ಲ, ಸಗಣಿಗಾಗಿ. ಮೊದಲು ಊರಿನ ಹೊಲಕ್ಕೇ ಬೀಳುತ್ತಿದ್ದ ಸಗಣಿ ಆಮೇಲೆ ಲಾರಿ ಏರಿ ಕಾಫಿ ತೋಟಗಳಿಗೆ ಹೋಗತೊಡಗಿತು. ತೊಂಬತ್ತರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಬೆಳೆ ಕರಟಿತು, ಜಗತ್ತಿನ ಪೇಟೆಯಲ್ಲಿ ಬೆಲೆ ನೆಗೆಯಿತು, ತೋಟಗಳಿಗೆ ಗೊಬ್ಬರದ ಹಸಿವು ಹೆಚ್ಚಿತು, ಗುಂಡ್ಲುಪೇಟೆ ಕಡೆಯ ಬಡವನ ಕೊಟ್ಟಿಗೆಯಲ್ಲಿ ದನ ಹೆಚ್ಚಿದವು, ಬಂಡೀಪುರದ ಹುಲ್ಲು ಸಗಣಿಯಾಗಿ ಗಡಿ ದಾಟಿತು. ದನ ಕಾಯುವ ಹುಡುಗ ಬ್ರೆಜಿಲ್ ಎಲ್ಲಿದೆಯೆಂದು ತೋರಿಸಲಾರ. ಆದರೆ ಅಲ್ಲಿ ಇಬ್ಬನಿ ಹೆಪ್ಪುಗಟ್ಟಿದರೆ ಇಲ್ಲಿ ಹುಲಿಯ ತಟ್ಟೆಯಲ್ಲಿ ಒಂದು ಜಿಂಕೆ ಕಡಿಮೆ. ಹೀಗಾಗಿ ‘ಹುಲಿ ಉಳಿಸಿ’ ಎಂದು ಬರೆದ ಪಿಂಗಾಣಿ ಮಗ್ಗಿನಲ್ಲಿ ಫಿಲ್ಟರ್ ಕಾಫಿ ಹೀರುತ್ತ ದನಗಾಹಿಯನ್ನು ಬೈಯುವುದರಲ್ಲಿ ಒಂದು ವಿಶೇಷ ಘಮವಿದೆ.

ಹಸು ಸತ್ತರೆ ಪರಿಹಾರವಿದೆ, ನಿಜ. ಕಚೇರಿಯಲ್ಲಿ ಮಾತುಕತೆ ಹೀಗೆ ಸಾಗುತ್ತದೆ ಎಂದಿಟ್ಟುಕೊಳ್ಳಿ.

‘ಹುಲಿಯೇ ಹಿಡಿದಿದ್ದು ಅಂತ ಏನಪ್ಪಾ ಗ್ಯಾರಂಟಿ? ಚಿರತೆ ಇರಬಹುದಲ್ಲ?’

‘ಇರ್ಬೋದು ಬುದ್ಧಿ. ನಾನು ಅದ್ರ ಆಧಾರ್ ಕಾರ್ಡ್ ಕೇಳ್ನಿಲ್ಲ.’

‘ಫೋಟೊದಲ್ಲಿ ಹಸು ಸರಿಯಾಗಿ ಕಾಣ್ತಿಲ್ಲ.’

‘ಮುಕ್ಕಾಲು ಪಾಲು ತಿಂದ್ಮೇಲೆ ಎಂಗೆ ಕಂಡದು ಬುದ್ಧಿ?’

‘ಡಾಕ್ಟ್ರ ಸರ್ಟಿಫಿಕೇಟು?’

‘ಡಾಕ್ಟ್ರು ಬರೋಗಂಟ ಉಳ್ದಿದ್ದ ಕಾಲು ಭಾಗನೂ ಮುಗೀತು.’

ಪರಿಹಾರದ ಕಡತ ಮೇಜಿನಿಂದ ಮೇಜಿಗೆ ನಡೆಯುತ್ತದೆ, ಕೀಟನಾಶಕದ ಡಬ್ಬಿ ಮೊದಲ ಅಂಗಡಿಯಲ್ಲೇ ಸಿಗುತ್ತದೆ.

2025ರ ಜೂನ್ ಕೊನೆಯ ವಾರ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ಯಾರೋ ವಿಷ ಬೆರೆಸಿದ್ದರು. ಹುಲಿ ಬೇಟೆಯನ್ನು ಒಂದೇ ಸಲಕ್ಕೆ ಮುಗಿಸುವುದಿಲ್ಲ, ಬಿಟ್ಟುಹೋಗಿ ಮತ್ತೆ ಬರುತ್ತದೆ, ಮರಿಗಳನ್ನೂ ಕರೆದು ತರುತ್ತದೆ. ವಿಷವಿಟ್ಟವರಿಗೆ ಆ ಹೊಟ್ಟೆಯ ಅಭ್ಯಾಸ ಚೆನ್ನಾಗಿ ಗೊತ್ತಿತ್ತು, ಎಷ್ಟೋ ಸಂರಕ್ಷಣಾ ಭಾಷಣಕಾರರಿಗಿಂತ ಚೆನ್ನಾಗಿ. ಮೂವರನ್ನು ಬಂಧಿಸಿದರು, ಆಗಬೇಕಾದದ್ದೇ. ಆಮೇಲೆ ಬಂದ ಸುದ್ದಿಯೇ ಬೇರೆ. ಅದೇ ಕಾಡನ್ನು ಕಾಯಬೇಕಿದ್ದ ಹೊರಗುತ್ತಿಗೆ ವಾಚರುಗಳಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ, ಹುಲಿಗಳು ಸಾಯುವ ಕೆಲವೇ ದಿನ ಮೊದಲು ಅವರು ಅದಕ್ಕಾಗಿ ಪ್ರತಿಭಟನೆ ಮಾಡಿದ್ದರು. ಹುಲಿಗೆ ಹೊಟ್ಟೆ ಇರಬಾರದು ಎಂದು ಬಯಸುವ ವ್ಯವಸ್ಥೆ ಹುಲಿ ಕಾಯುವವನಿಗೂ ಅದು ಇಲ್ಲವೆಂದು ಎಣಿಸಿದ್ದರಲ್ಲಿ ಸೋಜಿಗವೇನಿಲ್ಲ.

ಮರುತಿಂಗಳು ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಷೇಧಿಸುವ ಮಾತು ಬಂತು. ವಿರೋಧ ಎದ್ದಾಗ ಅದು ಹೊರರಾಜ್ಯದ ದನಗಳಿಗೆ ಎಂಬ ಸ್ಪಷ್ಟೀಕರಣವೂ ಬಂತು. ದನಗಳು ತಮ್ಮ ವಾಸ್ತವ್ಯ ದೃಢೀಕರಣ ಪತ್ರವನ್ನು ಕೊರಳಿಗೆ ಕಟ್ಟಿಕೊಂಡು ಮೇಯುವುದೊಂದು ಬಾಕಿ. ಮಲೆ ಮಹದೇಶ್ವರ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸುವ ಕಡತವಂತೂ ವರ್ಷಗಳ ಕಾಲ ಬೆಂಗಳೂರಿನಲ್ಲೇ ಮೇಯುತ್ತಿತ್ತು.

ಅದೇ ಬೆಟ್ಟದ ಮೇಲೆ ಮಹದೇಶ್ವರನ, ಜನರ ಬಾಯಲ್ಲಿ ಮಾದಪ್ಪನ ಗುಡಿಯಿದೆ. ಮಾದಪ್ಪ ಹುಲಿಯೇರಿದ ದೇವರು. ಭಕ್ತರು ಹುಲಿವಾಹನ ಸೇವೆ ಮಾಡಿಸುತ್ತಾರೆ, ಬಸವವಾಹನ ಸೇವೆಯನ್ನೂ ಮಾಡಿಸುತ್ತಾರೆ. ಹುಲಿ, ಬಸವ ಎರಡೂ ಅದೇ ಗುಡಿಯ ಸುತ್ತ ಪ್ರದಕ್ಷಿಣೆ ಬರುತ್ತವೆ. ಒಂದನ್ನೊಂದು ಕಣ್ಣೆತ್ತಿಯೂ ನೋಡುವುದಿಲ್ಲ, ಲೋಹದ ಮೈಗೆ ಹಸಿವೆಲ್ಲಿಯದು. ಮಾನವ-ವನ್ಯಜೀವಿ ಸಂಘರ್ಷಕ್ಕೆ ಇದುವರೆಗೆ ಸಿಕ್ಕ ಶಾಶ್ವತ ಪರಿಹಾರ ಇದೊಂದೇ.

ಬೆಟ್ಟದಿಂದ ಇಳಿದು ಗುಂಡ್ಲುಪೇಟೆಗೆ ಬನ್ನಿ. 2025ರ ಸೆಪ್ಟೆಂಬರಿನಲ್ಲಿ ಬೊಮ್ಮಲಾಪುರದವರು ಹುಲಿ ಹಿಡಿಯಲು ತಂದಿಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿ ಬಾಗಿಲು ಹಾಕಿದರು. ಊರವರ ಹತಾಶೆ ನಿಜವಾದದ್ದು: ದನ ಹೋಗುತ್ತಿತ್ತು, ಹುಲಿ ಸಿಗುತ್ತಿರಲಿಲ್ಲ. ಆದರೂ ಒಳಗೆ ಬಿದ್ದವರು ಯಾರು ನೋಡಿ. ರಾತ್ರಿಯೆಲ್ಲ ಟಾರ್ಚು ಹಿಡಿದು ಹೆಜ್ಜೆ ಗುರುತು ಹುಡುಕುವ ಕೆಳಹಂತದ ನೌಕರರು. ನೀತಿ ಬರೆದವರು ಆ ಬೋನಿನಲ್ಲಿ ಹಿಡಿಸುತ್ತಿರಲಿಲ್ಲ, ಅಳತೆ ಸಾಲದು. ಹಳ್ಳಿಯ ಬಡವನೂ ಇಲಾಖೆಯ ಬಡವನೂ ಕಂಬಿಯ ಆಚೀಚೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಲಿ ಎಲ್ಲಿತ್ತೋ, ಅಂತೂ ಬೋನಿನಲ್ಲಿರಲಿಲ್ಲ.

ಆಮೇಲೆ ಸರಗೂರು ಕಡೆ ಹುಲಿ ದಾಳಿಗೆ ಮನುಷ್ಯರ ಜೀವಗಳೇ ಹೋದವು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಹುಲಿಯ ಪಾತ್ರ, ಪರಿಸರದ ಸಮತೋಲ ಎಂದೆಲ್ಲ ಆ ಮನೆಯ ಜಗಲಿಯಲ್ಲಿ ಕೂತು ಹೇಳುವ ಎದೆ ಇರುವವರು ಮಾತ್ರ ಹೇಳಲಿ. ನವೆಂಬರಿನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿ ಆ ಸಿಬ್ಬಂದಿಯನ್ನು ಹುಲಿ ಹುಡುಕಲು ಕಳಿಸಿತು. ಆಗ ಎದ್ದ ಗೋಳು ಕೇಳಬೇಕಿತ್ತು. ರೂಮು ಮೊದಲೇ ಬುಕ್ ಆಗಿದೆ, ಗೆಸ್ಟುಗಳಿಗೆ ಏನು ಹೇಳುವುದು! ಗೆಸ್ಟುಗಳು ಬಯಸುವ ಹುಲಿಯ ಸೇವಾ ನಿಯಮಗಳು ಕಷ್ಟದವೇನಲ್ಲ: ಬೆಳಗ್ಗೆ ಆರೂವರೆಗೆ ಜೀಪಿನ ಬಲಗಡೆ ಕಾಣಿಸಿಕೊಳ್ಳಬೇಕು, ಬಿಸಿಲು ಮುಖದ ಮೇಲೆ ಬೀಳುವಂತೆ ನಡೆಯಬೇಕು, ಆಕಳಿಸಬೇಕು. ಉಳಿದ ಹೊತ್ತು ಏನು ತಿನ್ನುತ್ತದೆ, ಯಾರದ್ದನ್ನು ತಿನ್ನುತ್ತದೆ ಎಂಬುದು ಪ್ಯಾಕೇಜಿನಲ್ಲಿ ಸೇರಿಲ್ಲ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಬಂಡೀಪುರದ ಹೆದ್ದಾರಿಯಲ್ಲಿ ವಾಹನ ಬಿಡಬಾರದೆಂಬ ನಿಯಮ 2009ರಿಂದ ಇದೆ. ಆ ಒಂಬತ್ತು ಗಂಟೆಯಾದರೂ ಕಾಡಿಗಿರಲಿ ಎಂದರೆ ಅದನ್ನೂ ತೆಗೆಸುವ ಒತ್ತಡ ನಿಂತೇ ಇಲ್ಲ. ಹಣ್ಣು ತರಕಾರಿ ಕೊಳೆಯುತ್ತದಂತೆ.

ಹೊಟ್ಟೆ ಬೇಡವೆಂದವರು ಉಗುರು ಬೇಡವೆನ್ನುವುದಿಲ್ಲ. ಒಂದು ಹುಲಿಗೆ 18 ಉಗುರು. 2023ರ ಅಕ್ಟೋಬರಿನಲ್ಲಿ ಟಿವಿ ರಿಯಾಲಿಟಿ ಶೋದ ಮನೆಯೊಳಗಿದ್ದ ಸ್ಪರ್ಧಿಯೊಬ್ಬರ ಕೊರಳಲ್ಲಿ ಹುಲಿಯುಗುರು ಕಂಡು ಅರಣ್ಯ ಇಲಾಖೆ ಅವರನ್ನು ಅಲ್ಲಿಂದಲೇ ಕರೆದೊಯ್ಯಿತು. ಆ ವಾರವೆಲ್ಲ ನಾಡಿನ ಗಣ್ಯರ ಹಳೆಯ ಫೋಟೊಗಳಲ್ಲಿ ಜನ ಕೊರಳನ್ನು ದೊಡ್ಡದು ಮಾಡಿ ನೋಡಿದರು. ನಟರು, ರಾಜಕಾರಣಿಗಳು, ಸ್ವಾಮಿಗಳು. ಅಧಿಕಾರಿಗಳು ಬಾಗಿಲು ತಟ್ಟಿದ್ದೇ ತಡ, ಒಂದು ಪವಾಡ ನಡೆಯಿತು. ವರ್ಷಗಳಿಂದ ಗತ್ತಿನಲ್ಲಿ ಮಿಂಚುತ್ತಿದ್ದ ಎಷ್ಟೋ ಉಗುರುಗಳು ರಾತ್ರೋರಾತ್ರಿ ಪ್ಲಾಸ್ಟಿಕ್ ಆದವು. ಗಂಡಸುತನಕ್ಕೆಂದು ಧರಿಸಿದ ಪದಕ ನಕಲಿ ಎಂದು ಮಾಧ್ಯಮದ ಮುಂದೆ ಅಷ್ಟು ಉತ್ಸಾಹದಿಂದ ಸಾರಿದವರನ್ನು ನಾಡು ಹಿಂದೆಂದೂ ಕಂಡಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನಿದೆ?

ಹುಲಿ ಎಣಿಕೆ ನಾಲ್ಕು ವರ್ಷಕ್ಕೊಮ್ಮೆ, 2022ರ ನಂತರದ ಸರದಿ 2026ರದ್ದು. ಎಣಿಕೆಯೆಂದರೆ ಕಂಪ್ಯೂಟರ್ ಮುಂದೆ ಕೂರುವುದಲ್ಲ. ಯಾರಾದರೂ ಹೋಗಿ ಬೆಳಗಿನ ಜಾವ ಗೆರೆ ಹಿಡಿದು ನಡೆಯಬೇಕು, ಹೆಜ್ಜೆ, ಹಿಕ್ಕೆ ಗುರುತಿಸಬೇಕು, ಮರಕ್ಕೆ ಕ್ಯಾಮೆರಾ ಕಟ್ಟಬೇಕು, ಆನೆ ಅಟ್ಟಿಸಿಕೊಂಡು ಬಂದರೆ ಕ್ಯಾಮೆರಾ ಬಿಟ್ಟು ಓಡಬೇಕು, ಆಮೇಲೆ ಅದಕ್ಕೆ ವಿವರಣೆ ಕೊಡಬೇಕು. ಅದನ್ನು ಮಾಡುವವರು ಅದೇ ವಾಚರುಗಳು, ಬಹುಪಾಲು ಸೋಲಿಗರು, ಜೇನುಕುರುಬರು, ಕಾಡಂಚಿನ ಹಳ್ಳಿಗಳ ಹುಡುಗರು. ಮಧ್ಯಪ್ರದೇಶಕ್ಕಿಂತ ಒಂದೇ ಒಂದು ಹುಲಿ ಹೆಚ್ಚು ಬಂದರೂ ವಿಧಾನಸೌಧದಲ್ಲಿ ಮೈಸೂರು ಪಾಕ್ ಹಂಚಲು ಹಣ ಅದೇ ದಿನ ಮಂಜೂರಾಗುತ್ತದೆ. ಆ ಖರ್ಚು ಹೊರಗುತ್ತಿಗೆ ಖಾತೆಯಲ್ಲಿ ಬರುವುದಿಲ್ಲವಾದ್ದರಿಂದ ತಡವಾಗುವ ಪ್ರಶ್ನೆಯೇ ಇಲ್ಲ.